ಸುತರಾಂ ಅಕ್ಕನ ಅಧ್ಯಕ್ಷಗಿರಿ

ಸುತರಾಂ ಅಕ್ಕನಿಗೆ ಮರಗಿಡ, ಹಕ್ಕಿಪಕ್ಷಿ ಕಂಡರೆ ಪ್ರಾಣ ಅಂತ ನಾನು ಬರೆದರೆ ಆಕೆ ದಬ್ಬಣ ಹಿಡಿದುಕೊಂಡೇ ನನ್ನ ಮನೆಗೆ ಬಂದಾಳು. ಹಾಸಿಗೆ ಹೊಲಿಯುವವಳು ಆಕೆ. ದಬ್ಬಣ ಸದಾ ಕೈಗೆಟುಕುವಲ್ಲೇ ಇರುತ್ತದೆ. ಮರದ ಬಗ್ಗೆ ಆಕೆಗೆ ಗೊತ್ತಿದ್ದುದು ಇಷ್ಟೇ: ಅದರ ಕೊಂಬೆ ಮುರಿದು ಕರೆಂಟಿನ ತಂತಿಯ ಮೇಲೆ ಬಿದ್ದರೆ ಹತ್ತಿ ಹಿಂಜುವ ಯಂತ್ರ ನಿಲ್ಲುತ್ತದೆ. ಹಕ್ಕಿಯ ಬಗ್ಗೆ: ಒಣಹಾಕಿದ ದಿಂಬಿನ ಮೇಲೆ ಹಿಕ್ಕೆ ಹಾಕುತ್ತದೆ. ಇಂಥವಳು ದೇಶದ ಪರಿಸರ ಸಂಘಗಳಿಗೆಲ್ಲ ಅಧ್ಯಕ್ಷೆಯಾಗಿ, ಸರ್ಕಾರದ ಎದುರು ಕುಳಿತು, ಸರ್ಕಾರವನ್ನೂ ಸಂಘಗಳನ್ನೂ ಒಟ್ಟಿಗೇ ಹಸಿವಿನಲ್ಲಿ ಕೂರಿಸಿದ ಕತೆ ಇದು.

ಆಕೆಯ ಅಂಗಡಿ ತಗ್ಗಿನ ಬೀದಿಯ ಕಟ್ಟಕಡೆಯದು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅಡುಗೆಮನೆ. ಬಾಗಿಲ ಬಳಿ ಯಂತ್ರ, ಅದರ ಪಕ್ಕ ಗೋಡೆಗೆ ಒರಗಿಸಿದ ಹತ್ತಿಯ ಮೂಟೆಗಳು. ಜನ ಮಲಗಿ ಮಲಗಿ ಚಪ್ಪಟೆಯಾದ ಹಳೆ ಹಾಸಿಗೆ ಹೊತ್ತು ತರುತ್ತಾರೆ. ಗಂಡ ಗವಸು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಯಂತ್ರದ ಬಾಯಿಗೆ ಕೊಡುತ್ತಾನೆ. ಹಿಂಜಿ ಹೊರಬಿದ್ದದ್ದನ್ನು ಈಕೆ ಹೊಸ ಗವಸಿಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಲ್ಲಿ ಅಲ್ಲಲ್ಲಿ ಬಿಗಿದು ಹೊಲಿಯುತ್ತಾಳೆ. ಯಂತ್ರ ತಿರುಗುವಾಗ ಇಬ್ಬರ ಬಾಯಿಗೂ ಬಟ್ಟೆ, ಕಣ್ಣಲ್ಲೇ ಜಗಳ. ಯಂತ್ರ ನಿಂತಾಗ ಬಾಯಲ್ಲಿ.

ಅಂಗಡಿಯ ಹಿಂದೆ ಜೌಗು. ಜೊಂಡು ಬೆಳೆದ, ಸದಾ ಕಪ್ಪೆ ಒದರುವ ದೊಡ್ಡ ಜೌಗು. ಮೇಲಿನ ಬೀದಿಗಳ ಮಳೆನೀರೆಲ್ಲ ತಗ್ಗಿನ ಬೀದಿಯಲ್ಲಿ ಹರಿದು ಅಲ್ಲಿಗೆ ಹೋಗಿ ಬೀಳುತ್ತಿತ್ತು. ಒಂದು ವರ್ಷ ಯಾರೋ ಅದರ ಮೂಲೆಯಲ್ಲಿ ನಾಲ್ಕು ಲಾರಿ ಮಣ್ಣು ಸುರಿದರು. ಆ ಮಳೆಗೆ ನೀರು ಹೋಗಲು ದಾರಿಯಿಲ್ಲದೆ ಅಂಗಡಿಗೆ ನುಗ್ಗಿತು. ನೆನೆದ ಹತ್ತಿಯ ಮೂಟೆ ನೋಡಿದವರಿಗೆ ಮಾತ್ರ ಗೊತ್ತು. ಅದನ್ನು ಎತ್ತಲಾಗದು, ಒಣಗಿಸಲಾಗದು, ಒಳಗೊಳಗೇ ಕೊಳೆತು ನಾರುತ್ತದೆ. ಮೊದಲೇ ಸ್ಪಂಜಿನ ಹಾಸಿಗೆಗಳ ಕಾಟದಿಂದ ಅರ್ಧ ಸತ್ತಿದ್ದ ವ್ಯಾಪಾರ. ಇನ್ನೊಂದು ಸಲ ನೀರು ಬಂದರೆ ಅಂಗಡಿ ಮುಚ್ಚಿ ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ.

ಆ ಮಣ್ಣನ್ನು ತೆಗೆಸಲು ಆಕೆ ಅಲೆಯದ ಕಚೇರಿಯಿಲ್ಲ. ಕೊನೆಗೆ ಯಾವನೋ ಗುಮಾಸ್ತ, ಪೀಡೆ ತೊಲಗಲಿ ಅಂತ, "ಇದು ಪರಿಸರದ ವಿಷಯ ಕಣಮ್ಮ, ಪರಿಸರ ಸಂಘಗಳ ಒಕ್ಕೂಟ ಅಂತ ಇದೆ, ಸರ್ಕಾರ ಅವರ ಮಾತು ಮಾತ್ರ ಕೇಳೋದು" ಅಂದ. ಹಾಗೆ ಸುತರಾಂ ಅಕ್ಕ "ತಗ್ಗಿನ ಬೀದಿ ನಿವಾಸಿಗಳ ಸಂಘ" ಅಂತ ಒಂದನ್ನು ಹುಟ್ಟುಹಾಕಿ ಒಕ್ಕೂಟಕ್ಕೆ ಬಂದಳು. ಸಂಘದ ಸದಸ್ಯರು ಬೀದಿಯವರೆಲ್ಲ. ಸಭೆಗೆ ಬರುವವಳು ಒಬ್ಬಳೇ.

ಇನ್ನು ಒಕ್ಕೂಟದ ವಿಚಾರ. ನಮ್ಮದು ರಸ್ತೆಗಿಳಿದು ಕೂಗುವ ಗುಂಪು, ಹಾಗಾಗಿ ನಮಗಲ್ಲಿ ಸಿಕ್ಕಿದ್ದು ವೀಕ್ಷಕರ ಸ್ಥಾನ. ವೀಕ್ಷಕ ಅಂದರೆ ಗೋಡೆ ಪಕ್ಕದ ಕುರ್ಚಿ. ಟೀ ಕುಡಿಯಲು ಬಾಯಿ ತೆರೆಯಬಹುದು, ಬೇರೆ ಕೆಲಸಕ್ಕೆ ತೆರೆಯುವಂತಿಲ್ಲ. ಆ ಕುರ್ಚಿಯಿಂದ ನಾನು ನೋಡಿದ್ದನ್ನೇ ಹೇಳುತ್ತಿದ್ದೇನೆ.

ಮೊದಲೆಲ್ಲ ಒಕ್ಕೂಟದಲ್ಲಿ ಕೈಯೆತ್ತಿ ತೀರ್ಮಾನ ಮಾಡುತ್ತಿದ್ದರು. ಸೋತವರು ಹೊರಗೆ ಹೋಗಿ ತಮ್ಮದೇ ಇನ್ನೊಂದು ಮನವಿ ಬರೆಯುತ್ತಿದ್ದರು. ಸಚಿವಾಲಯದವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನಗುತ್ತಿದ್ದರು. "ಮೊದಲು ನೀವು ನೀವೇ ಒಂದಾಗಿ ಬನ್ನಿ, ಆಮೇಲೆ ಸಮಾಲೋಚನೆ ಮಾಡೋಣ" ಅಂದರು. ಅದಕ್ಕೆ ಒಕ್ಕೂಟದವರು ಒಮ್ಮತದ ನಿಯಮ ತಂದರು. ಯಾರೊಬ್ಬರು ಬೇಡವೆಂದರೂ ಆ ಮಾತು ಸರ್ಕಾರಕ್ಕೆ ಹೋಗುವಂತಿಲ್ಲ.

ಆಮೇಲೆ ಏನಾಯಿತು ಅಂತೀರಿ? "ದೇಶದ ತುಂಬ ಮರ ನೆಡಬೇಕು" ಅಂತ ಒಬ್ಬರು ಬರೆದರೆ, ಹುಲ್ಲುಗಾವಲು ಉಳಿಸುವವರು ಬೇಡವೆಂದರು. ಗಾಳಿಯಂತ್ರ ಬರಲಿ ಅಂದರೆ ಹಕ್ಕಿಯವರು ಬೇಡವೆಂದರು. ಹೀಗೆ ಒಂದೊಂದೇ ಸಾಲು ಉದುರಿ ಉದುರಿ, ಒಂದಿಡೀ ವರ್ಷದ ಚರ್ಚೆಯ ಬಳಿಕ ಸರ್ಕಾರಕ್ಕೆ ಹೋದ ಮನವಿ ಏನಪ್ಪಾ ಅಂದರೆ: "ಪರಿಸರದ ವಿಷಯದಲ್ಲಿ ಸರ್ಕಾರ ಗಮನ ಹರಿಸುವುದು ಒಳ್ಳೆಯದು." ಸರ್ಕಾರ ತಕ್ಷಣ ಒಪ್ಪಿಕೊಂಡಿತು. ಗಮನ ಹರಿಸಲಾಗುತ್ತಿದೆ ಎಂದು ಉತ್ತರವನ್ನೂ ಕೊಟ್ಟಿತು. ಒಕ್ಕೂಟದವರು ಅದನ್ನು ಜಯವೆಂದು ಕರೆದು ಬಿಸ್ಕತ್ತು ಹಂಚಿದರು.

ಈ ಒಮ್ಮತ ಸಚಿವಾಲಯಕ್ಕೆ ಎಷ್ಟು ಹಿಡಿಸಿತೆಂದರೆ, ತನ್ನ ಆದೇಶದಲ್ಲೂ ಸೇರಿಸಿಕೊಂಡಿತು. ಯಾವುದೇ ಯೋಜನೆ ಬಂದಾಗ ಒಕ್ಕೂಟದ ಅಧ್ಯಕ್ಷರು ಸಭೆಯಲ್ಲಿ "ಬೇಡ ಅನ್ನೋರು ಇದ್ದೀರಾ?" ಅಂತ ಕೇಳಬೇಕು. ಯಾರೂ ಉಸಿರೆತ್ತದಿದ್ದರೆ "ಒಮ್ಮತವಿದೆ" ಅಂತ ಸಾರಬೇಕು. ಅಷ್ಟಾದರೆ ಸಮಾಲೋಚನೆ ಪೂರ್ಣ. ಕೆಲಸ ಶುರು. ಅಧ್ಯಕ್ಷರಾಗಿದ್ದವರು ಹರಾಜು ಕೂಗುವವರ ಹಾಗೆ ಪ್ರಶ್ನೆ ಮತ್ತು ಉತ್ತರವನ್ನು ಒಂದೇ ಉಸಿರಲ್ಲಿ ಮುಗಿಸಿ ಏಳುತ್ತಿದ್ದರು.

ಇಂಥ ಜಾಗಕ್ಕೆ ಸುತರಾಂ ಅಕ್ಕ ಬಂದಳು. ಮೊದಲ ಸಭೆಯಲ್ಲೇ "ಜೌಗು ಪ್ರದೇಶಗಳ ವಿವೇಚನಾಯುಕ್ತ ಬಳಕೆ" ಅನ್ನುವ ಸಾಲು ಬಂತು.

"ಬಳಕೆ ಅಂದ್ರೆ ಮಣ್ಣು ಹಾಕೋದಾ?" ಅಂತ ಕೇಳಿದಳು.

"ಹಾಗಲ್ಲಮ್ಮ, ಅದು ವಿಶಾಲವಾದ ಅರ್ಥದಲ್ಲಿ..." ಅಂದರು ಹಕ್ಕಿ ಮೇಷ್ಟ್ರು.

"ವಿಶಾಲವಾಗಿ ಹಾಕ್ತಾರಾ? ಸುತರಾಂ ಆಗಲ್ಲ."

ಆಕೆಗೆ ಆ ಹೆಸರು ಬಂದದ್ದು ಅವತ್ತು. ಆಮೇಲೆ ಸಭೆ ಸಭೆಯಲ್ಲೂ ಸುತರಾಂ. ಒಕ್ಕೂಟದ ಸಂಚಾಲಕರು ಈ ಹಕ್ಕಿ ಮೇಷ್ಟ್ರೇ. ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು. ಬಾಗಿಲು ಕಿಟಕಿ ಹಾಕಿದ ಕೋಣೆಯೊಳಗೂ ಕೊರಳಲ್ಲಿ ದುರ್ಬೀನು. ಒಮ್ಮೆ ಟೀ ಹೊತ್ತಿನಲ್ಲಿ ಅವರು ನಯವಾಗಿ ಕೇಳಿದರು, "ನಿಮಗೆ ಜೌಗಿನ ಮೇಲೆ ಅಷ್ಟೊಂದು ಪ್ರೀತಿನಾ ಅಮ್ಮ?"

"ಪ್ರೀತಿನಾ? ಥೂ. ಸೊಳ್ಳೆ ಕಾಟಕ್ಕೆ ರಾತ್ರಿ ನಿದ್ದೆ ಇಲ್ಲ ಮೇಷ್ಟ್ರೇ. ಆದ್ರೆ ಅದು ನೀರು ಕುಡಿಯುತ್ತೆ. ಅದನ್ನ ಮುಚ್ಚಿದ್ರೆ ಆ ನೀರನ್ನ ನನ್ನ ಹತ್ತಿ ಕುಡಿಯುತ್ತೆ."

ಮೇಷ್ಟ್ರು ಮುಖ ಕಿವುಚಿದರು. ಪ್ರೀತಿಯಿಲ್ಲದೆ ಪರಿಸರ ಉಳಿಸುವುದು ಅವರಿಗೆ ಒಂಥರಾ ಅಶ್ಲೀಲವಾಗಿ ಕಂಡಿರಬೇಕು.

ಹೀಗಿರುವಾಗ ಸಚಿವಾಲಯದಿಂದ ಒಂದು ಭಾರಿ ಸುದ್ದಿ ಬಂತು. "ಇಷ್ಟು ವರ್ಷದಿಂದ ನಿಮಗೆ ಕೂತು ಮಾತಾಡಲು ಜಾಗವಿಲ್ಲ ಅಂತ ದೂರುತ್ತಿದ್ದಿರಿ. ಇಗೋ, ರಾಷ್ಟ್ರೀಯ ಪರಿಸರ ಭವನ. ಪ್ರತಿ ಸಂಘಕ್ಕೂ ಒಂದೊಂದು ಕೋಣೆ, ಬಾಗಿಲಿಗೆ ಹೆಸರಿನ ಫಲಕ." ಕಟ್ಟುವ ಜಾಗ? ತಗ್ಗಿನ ಬೀದಿಯ ಹಿಂದಿನ ಜೌಗು. ಸರ್ಕಾರಿ ಕಡತದಲ್ಲಿ ಅದರ ಹೆಸರು ಪಾಳು ಭೂಮಿ.

ಜೌಗು ಮುಚ್ಚಿ ಪರಿಸರ ಭವನ! ನಮ್ಮ ಗುಂಪಿನವರು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಒಕ್ಕೂಟದಲ್ಲಿ ಯಾರೂ ನಗಲಿಲ್ಲ. ಕೋಣೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ನೀರು. ಬಾಡಿಗೆ ಗ್ಯಾರೇಜಿನಲ್ಲಿ, ಯಾರದೋ ಮಹಡಿ ಮೆಟ್ಟಿಲ ಕೆಳಗೆ ಕಚೇರಿ ನಡೆಸಿದವರು ಪಾಪ. ಅಡುಗೆಮನೆ ಕಸದಿಂದ ಗೊಬ್ಬರ ಮಾಡಿಸುವ ಸಂಘದ ಗೊಬ್ಬರದಮ್ಮ, "ಒಟ್ಟಾರೆ ಒಳಿತಿನ ದೃಷ್ಟಿಯಿಂದ ನೋಡಬೇಕು" ಅಂದರು. ಒಕ್ಕೂಟದ ಉಪಾಧ್ಯಕ್ಷ ಸೋಲಾರ್ ಸಾಹುಕಾರ, ಸೂರ್ಯನನ್ನು ಜನರಿಗೆ ಮಾರಿ ದುಡ್ಡು ಮಾಡಿದವನು, "ಇಷ್ಟು ದೊಡ್ಡ ಚಾವಣಿ ದೇಶದಲ್ಲೇ ಇಲ್ಲ" ಅಂತ ಕಣ್ಣರಳಿಸಿದ. ಜೌಗಿನಲ್ಲಿ ಬರುವ ಹಕ್ಕಿಗಳ ಮೇಲೆ ಪುಸ್ತಕವನ್ನೇ ಬರೆದಿದ್ದ ಮೇಷ್ಟ್ರು, "ಹಕ್ಕಿಗಳು ಹೊಂದಿಕೊಳ್ಳುತ್ತವೆ" ಅಂದರು.

ಸುತರಾಂ ಅಕ್ಕ ಸುತರಾಂ ಅಂದಳು. ಮುಂದಿನ ಸಭೆಯಲ್ಲಿ ಮತ್ತೆ ಅಂದಳು. ಎರಡು ಸಲ ಭವನ ಅಲ್ಲೇ ಕುಸಿಯಿತು. ಬೆಣ್ಣೆ ಹಚ್ಚಿ ನೋಡಿದರು, ಗದರಿ ನೋಡಿದರು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಆಗ ಮೇಷ್ಟ್ರಿಗೆ ಹೊಳೆಯಿತು. ಆ ವರ್ಷದ ಅಧ್ಯಕ್ಷರ ಅವಧಿ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಅವರು ಹಾಸಿಗೆ ಅಂಗಡಿಗೇ ಬಂದರು. ಗಂಡ ಯಂತ್ರ ನಿಲ್ಲಿಸಿ, ಹೊಸ ಹಾಸಿಗೆ ಹಾಸಿ ಕೂರಿಸಿದ. ಮೇಷ್ಟ್ರ ದುರ್ಬೀನಿನ ಮೇಲೆ ಹತ್ತಿಯ ಪುಕ್ಕ ಕೂತವು.

"ಒಕ್ಕೂಟಕ್ಕೆ ನಿಮ್ಮಂಥ ಗಟ್ಟಿ ಹೆಣ್ಣುಮಗಳ ನಾಯಕತ್ವ ಬೇಕಮ್ಮ. ನೀವು ಅಧ್ಯಕ್ಷರಾಗಬೇಕು."

"ನಾನಾ?"

"ನೀವೇ. ಸರ್ಕಾರದವರು ಎದ್ದು ನಿಂತು ಮಾತಾಡಿಸ್ತಾರೆ. ಪೇಪರಲ್ಲಿ ಫೋಟೋ ಬರುತ್ತೆ."

"ಇವಳನ್ನಾ?" ಅಂದ ಗಂಡ. "ಸ್ವಾಮಿ, ಇವಳು ಒಳ್ಳೆಯವಳೇ, ಆದ್ರೆ ಇವಳ ಬಾಯಿ..."

"ನೀವು ಸುಮ್ನಿರ್ರೀ," ಅಂದಳು ಅಕ್ಕ.

ಆಕೆಗೆ ಅನುಮಾನ ಬಂದಿರಲಿಲ್ಲ ಅಂತ ಹೇಳಲಾರೆ. ಆದರೆ ಆಕೆಯ ನಾದಿನಿಯೊಬ್ಬಳಿದ್ದಳು, ಬ್ಯಾಂಕಿನವನನ್ನು ಮದುವೆಯಾದವಳು. ಮನೆಗೆ ಬಂದಾಗಲೆಲ್ಲ ಮೂಗಿಗೆ ಕರ್ಚೀಫು ಹಿಡಿದು, "ಈ ಧೂಳಲ್ಲಿ ಹೇಗೆ ಬದುಕ್ತೀರಪ್ಪಾ" ಅನ್ನುವವಳು. ಆ ನಾದಿನಿ ಪೇಪರು ಓದುತ್ತಾಳೆ. ಅಕ್ಕ ಒಪ್ಪಿಕೊಂಡಳು. ಫೋಟೋ ಬಂತು. ನಾದಿನಿ ಫೋನು ಮಾಡಿ, "ಅತ್ತಿಗೆ, ನೀವು ಮೊದಲೇ ಹೇಳಬಾರದಿತ್ತಾ!" ಅಂದಳು. ಅವತ್ತಿಡೀ ದಿನ ಅಕ್ಕ ಕೋಲಿನಿಂದ ಹಾಸಿಗೆ ಬಡಿದ ಸದ್ದು ಬೇರೆಯೇ ತಾಳದಲ್ಲಿತ್ತು ಅಂತ ಗಂಡ ಆಮೇಲೆ ನನಗೆ ಹೇಳಿದ.

ಮುಂದಿನ ಸಭೆಯಲ್ಲಿ ಭವನದ ವಿಷಯ ಬಂತು. ಅಧ್ಯಕ್ಷೆ ತನ್ನ ಎತ್ತರದ ಕುರ್ಚಿಯಿಂದಲೇ "ಸುತರಾಂ ಆಗಲ್ಲ" ಅಂದಳು.

ಮೇಷ್ಟ್ರು ಮುಗುಳ್ನಕ್ಕು ನಿಯಮದ ಪುಸ್ತಕ ತೆರೆದರು. "ಅಧ್ಯಕ್ಷರಿಗೆ ಸ್ವಂತ ಅಭಿಪ್ರಾಯ ಇರೋದಿಲ್ಲ ಅಮ್ಮ, ಅವರ ಸಂಘಕ್ಕೂ ಇರೋದಿಲ್ಲ. ಅವರು ಎಲ್ಲರಿಗಿಂತ ಮೇಲೆ. ಕೇಳೋದು, ಸಾರೋದು, ಅಷ್ಟೇ ಅವರ ಕೆಲಸ."

"ಅಂದ್ರೆ ನಾನು ಬೇಡ ಅನ್ನೋ ಹಾಗಿಲ್ವಾ?"

"ಆ ಮಟ್ಟ ದಾಟಿದ್ದೀರಿ ನೀವು."

ಸಭೆಯಲ್ಲಿ ಕೆಲವರು ಕೆಮ್ಮಿದರು. ಕೆಮ್ಮಿನೊಳಗೆ ನಗು ಇತ್ತು. ಅಕ್ಕನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸಚಿವಾಲಯದಲ್ಲಿ ಅಂತಿಮ ಸಮಾಲೋಚನೆಗೆ ದಿನ ಗೊತ್ತುಮಾಡಿ, ಮೇಷ್ಟ್ರು ದುರ್ಬೀನು ಒರೆಸಿಕೊಂಡರು.

ಮನೆಯಲ್ಲಿ ಯಂತ್ರ ನಿಂತ ಮೇಲೆ ಗಂಡ ಶುರುಮಾಡಿದ. "ಕುರ್ಚಿ ಅಂದ ಕೂಡ್ಲೇ ಹಲ್ಲು ಕಿರ್ಕೊಂಡು ಹೋಗಿ ಕೂತೆ. ಈಗ ಬಿಟ್ಟು ಬಾ, ಮೊದಲಿನ ಹಾಗೆ ಕೆಳಗೆ ಕೂತು ಬೇಡ ಅನ್ನು."

"ಬಿಟ್ಟು ಬಂದ್ರೆ ಆ ಸೋಲಾರ್ ಸಾಹುಕಾರ ಬಂದು ಕೂರ್ತಾನೆ. ಅದೇ ಸಭೆಯಲ್ಲಿ ನನ್ನ ಸಂಘವನ್ನ ಹೊರಗೆ ಹಾಕ್ತಾರೆ. ಅಧ್ಯಕ್ಷಗಿರಿ ನಡುವೆ ಬಿಟ್ಟವರ ಸಂಘಕ್ಕೆ ಒಂದು ವರ್ಷ ಜಾಗ ಇಲ್ವಂತೆ. ಅದನ್ನೂ ಬರೆದಿಟ್ಟಿದ್ದಾರೆ."

"ಎಲ್ಲ ಬರೆದಿಟ್ಟಿದ್ದಾರಲ್ಲ ಬಡ್ಡಿಮಕ್ಕಳು!"

"ಎಲ್ಲ ಬರೆದಿದ್ದಾರೆ," ಅಂದಳು ಅಕ್ಕ. ದೀಪ ಆರಿಸುತ್ತ, "ಎಲ್ಲ ಬರೆದಿರಕ್ಕಾಗುತ್ತೇನ್ರೀ?" ಅಂತ ತನಗೇ ಅಂದುಕೊಂಡಂತೆ ಕೇಳಿದಳು. ಗಂಡನಿಗೆ ಆಗಲೇ ನಿದ್ದೆ.

ಸಚಿವಾಲಯದ ಸಭಾಂಗಣ ಹೇಗಿರುತ್ತೆ ಅಂತ ಹೋಗದವರಿಗಾಗಿ ಹೇಳುತ್ತೇನೆ. ಹೊರಗೆ ಬಿಸಿಲು, ಒಳಗೆ ಸ್ವೆಟರು ಬೇಕಾಗುವಷ್ಟು ಏಸಿ. ನಡುವೆ ಹಡಗಿನಂಥ ಮೇಜು. ಮೊದಲು ಅದರ ಮೇಲೆ ನೀರಿನ ಪ್ಲಾಸ್ಟಿಕ್ ಬಾಟಲಿ ಇಡುತ್ತಿದ್ದರು. ವರ್ಷಗಟ್ಟಲೆ ಪಟ್ಟು ಹಿಡಿದು ಒಕ್ಕೂಟದವರು ಗಾಜಿನ ಹೂಜಿ ಇಡಿಸಿದರು. ಸರ್ಕಾರದ ಜೊತೆಗಿನ ಸಮನ್ವಯದಿಂದ ಆದ ಲಾಭ ಏನು ಅಂತ ಯಾರಾದರೂ ಕೇಳಿದರೆ ಆ ಹೂಜಿ ತೋರಿಸಬಹುದು. ಕುರ್ಚಿಗಳು ಮಾತ್ರ ಶಿಕ್ಷೆಗೆಂದೇ ಮಾಡಿಸಿದಂಥವು. ಸುತರಾಂ ಅಕ್ಕ ಮನೆಯಿಂದಲೇ ಒಂದು ದಿಂಬು ತಂದಿದ್ದಳು. ಬಾಗಿಲ ಕಾವಲುಗಾರ ಅದನ್ನು ಹಿಸುಕಿ ಹಿಸುಕಿ ನೋಡಿ, "ಏನಮ್ಮ ಒಳಗೆ?" ಅಂದ. "ಹತ್ತಿ ಕಣಪ್ಪ. ನಿನಗೂ ಒಂದು ಬೇಕಾ?" ಅಂದಳು.

ಮೇಜಿನ ನಡುವೆ ಭವನದ ಮಾದರಿ ಇಟ್ಟಿದ್ದರು. ಸುತ್ತ ಗಾಜಿನ ಗೋಡೆ, ಹಸಿರು ಸ್ಪಂಜಿನ ಮರ, ನೀಲಿ ಕಾಗದದ ಕೊಳ, ಕೊಳದಲ್ಲಿ ಕಾರಂಜಿ. ಅಕ್ಕ ಬಗ್ಗಿ ನೋಡಿ ಕೇಳಿದಳು, "ನಮ್ಮ ಬೀದಿ ಎಲ್ಲಿ ಸಾರ್?"

ಜಂಟಿ ಕಾರ್ಯದರ್ಶಿ ಸೌಮ್ಯ ಮನುಷ್ಯ. ಬೈದರೂ ಟಿಪ್ಪಣಿ ಮಾಡಿಕೊಳ್ಳುವಂಥವರು. "ಮಾದರಿ ಚಿಕ್ಕದಲ್ವಾ ಮೇಡಂ, ಎಲ್ಲವನ್ನೂ ತೋರಿಸೋಕಾಗಲ್ಲ."

"ಕಾರು ನಿಲ್ಲಿಸೋ ಜಾಗ ತೋರಿಸಿದ್ದೀರಲ್ಲ?"

"ಅದು... ಅದು ಯೋಜನೆಯ ಭಾಗ."

ಭಾಷಣಗಳಾದವು. ಸೋಲಾರ್ ಸಾಹುಕಾರ ಇದನ್ನು ಐತಿಹಾಸಿಕ ಕ್ಷಣ ಅಂದ. ಗೊಬ್ಬರದಮ್ಮ ಸರ್ಕಾರ ಮತ್ತು ನಾವು ಒಂದೇ ಕುಟುಂಬ ಅಂದರು. ಮೇಷ್ಟ್ರು ಕೆಳದನಿಯಲ್ಲಿ ಹಕ್ಕಿಗಳ ಪರವಾಗಿ ಕೃತಜ್ಞತೆ ಸಲ್ಲಿಸಿದರು. ಪಕ್ಕದ ಕೋಣೆಯಿಂದ ಊಟದ ವಾಸನೆ ಬರತೊಡಗಿತು. ಎಲ್ಲರ ಕಣ್ಣು ಅಧ್ಯಕ್ಷೆಯ ಕಡೆ ತಿರುಗಿತು.

ಸುತರಾಂ ಅಕ್ಕ ಮೈಕು ಎಳೆದುಕೊಂಡು, ನಿಯಮದ ಪ್ರಕಾರ, ಸ್ಪಷ್ಟವಾಗಿ ಕೇಳಿದಳು. "ಬೇಡ ಅನ್ನೋರು ಇದ್ದೀರಾ?"

ಸೂಜಿ ಬಿದ್ದರೂ ಕೇಳುವಷ್ಟು ಮೌನ. ಗೋಡೆ ಪಕ್ಕದ ನನಗೆ ಕೂಗಿಬಿಡುವಷ್ಟು ನಾಲಿಗೆ ತುರಿಸಿತು. ಆದರೆ ವೀಕ್ಷಕರ ಕೂಗು ಲೆಕ್ಕಕ್ಕಿಲ್ಲ, ಕೂಗಿದರೆ ಹೊರಗೆ ನೂಕುತ್ತಾರೆ.

ಅಕ್ಕ ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದಳು. ದಿಂಬನ್ನು ಬೆನ್ನಿಗೆ ಸರಿಮಾಡಿಕೊಂಡಳು. ಕೈಕಟ್ಟಿ ಕೂತಳು.

"ಮೇಡಂ," ಅಂದರು ಜಂಟಿ ಕಾರ್ಯದರ್ಶಿ.

"ಏನ್ಸಾರ್?"

"ಮುಂದಿನ ಮಾತು..."

"ಕಾಯ್ತಾ ಇದ್ದೀನಿ ಸಾರ್."

"ಯಾರನ್ನ?"

"ಬೇಡ ಅನ್ನೋರನ್ನ."

"ಯಾರೂ ಅನ್ನಲಿಲ್ಲವಲ್ಲ?"

"ಇನ್ನೂ ಅಂದಿಲ್ಲ," ಅಂದಳು ಅಕ್ಕ. "ಪಾಪ, ಯೋಚನೆ ಮಾಡ್ತಿರಬಹುದು. ಅವಸರ ಮಾಡಬಾರದು."

ಮೇಷ್ಟ್ರು ನಿಯಮದ ಪುಸ್ತಕ ತೆಗೆದರು. ಹಿಂದೆ ಮುಂದೆ ಮಗುಚಿದರು. ಅಲ್ಪವಿರಾಮ ಎಲ್ಲಿರಬೇಕು ಅಂತ ತಿಂಗಳುಗಟ್ಟಲೆ ಬಡಿದಾಡಿದ ಮಹಾನುಭಾವರು, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಬರೆದಿರಲಿಲ್ಲ. ಬರೆಯಬೇಕು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಒಮ್ಮತ ಸಾರಲು ಯಾರಾದರೂ ತಡ ಮಾಡಿಯಾರು ಅಂತ ಅವರ ಕನಸಲ್ಲೂ ಬಂದಿರಲಿಕ್ಕಿಲ್ಲ.

ಜಂಟಿ ಕಾರ್ಯದರ್ಶಿ ಕಾನೂನು ಅಧಿಕಾರಿಯನ್ನು ಕರೆಸಿದರು. ಅವನು ಬಂದು ಆದೇಶ ಓದಿ, ಸಾರುವುದು ಅಧ್ಯಕ್ಷರೇ ಆಗಬೇಕು ಅಂದ. ಅಧ್ಯಕ್ಷರನ್ನು ಇಳಿಸುವುದಾದರೆ ಒಕ್ಕೂಟದ ಮಹಾಸಭೆಯಲ್ಲೇ ಇಳಿಸಬೇಕು ಅಂದ. ಇನ್ನೊಂದು ಮಾತನ್ನೂ ಸೇರಿಸಿದ: ಪ್ರಶ್ನೆ ಕೇಳಿದ ಮೇಲೆ ಸದಸ್ಯರು ಎದ್ದು ಹೋದರೆ ಸಭೆಯೇ ಅಸಿಂಧು. ಅಲ್ಲಿಗೆ ಎಲ್ಲರೂ ಕುರ್ಚಿಗೆ ಅಂಟಿಕೊಂಡರು. ಸಚಿವರು ಅವತ್ತೇ ಸಂಜೆ ಪತ್ರಕರ್ತರನ್ನು ಕರೆದಿದ್ದರು.

"ಅಮ್ಮ, ಇದು ಹಟ," ಮೇಷ್ಟ್ರು ಪಿಸುಗುಟ್ಟಿದರು. "ಇದು ನಿಮ್ಮ ಅಭಿಪ್ರಾಯ ಹೇಳಿದ ಹಾಗೇ ಆಯ್ತು."

"ನನಗೆ ಅಭಿಪ್ರಾಯ ಇಲ್ಲ ಮೇಷ್ಟ್ರೇ. ನೀವೇ ತಾನೇ ಹೇಳಿದ್ದು?"

ಊಟದ ವಾಸನೆ ಗಟ್ಟಿಯಾಗುತ್ತ ಬಂತು. ಆಮೇಲೆ ಆರಿದ ಊಟದ ವಾಸನೆಯಾಯಿತು. ಏಸಿಯ ಚಳಿಗೆ ಕೆಲವರು ಫೈಲನ್ನೇ ಎದೆಗೆ ಅಪ್ಪಿಕೊಂಡರು. ಆ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂತು ಎಲ್ಲರೂ ಒಂದು ಕುಂಡೆಯಿಂದ ಇನ್ನೊಂದಕ್ಕೆ ಭಾರ ಹಾಕುತ್ತ ತೂಗಾಡುತ್ತಿದ್ದರು. ಅಕ್ಕ ಮಾತ್ರ ದಿಂಬಿಗೆ ಒರಗಿ ಹಾಯಾಗಿದ್ದಳು.

ಹಸಿದವರ ಬಾಯಿ ಸುಮ್ಮನಿರುವುದಿಲ್ಲ. ಕಾಲ ಕಳೆಯಲು ಸೋಲಾರ್ ಸಾಹುಕಾರ ಮಾದರಿಯ ಕಡೆ ಬೆರಳು ಮಾಡಿ, "ಮೇಲಿನ ಮಹಡಿಯ ಈ ಪಶ್ಚಿಮದ ಕೋಣೆ ನಮಗೇ ಬರಬೇಕು. ಚಾವಣಿಯ ಬ್ಯಾಟರಿ ಎಲ್ಲ ಅಲ್ಲೇ ಇಡೋದು" ಅಂದ.

"ಅದು ಕೊಳದ ಕಡೆಯ ಕೋಣೆ ರೀ," ಮೇಷ್ಟ್ರು ತಲೆಯೆತ್ತಿದರು. "ಅದು ಹಕ್ಕಿ ವೀಕ್ಷಣೆಗೆ."

"ಚೆನ್ನಾಗಿದೆ ಮೇಷ್ಟ್ರೇ," ಅಂದರು ಗೊಬ್ಬರದಮ್ಮ. ನಕ್ಷೆಯಲ್ಲಿ ಅವರಿಗೆ ಕಕ್ಕಸಿನ ಪಕ್ಕದ ಕೋಣೆ ಸಿಕ್ಕಿದ್ದು ಅವರ ಕಣ್ಣಿಗೆ ಆಗಷ್ಟೇ ಬಿದ್ದಿತ್ತು. "ಸುತ್ತ ಗಾಜಿನ ಗೋಡೆ. ಹಕ್ಕಿ ಹಾರಿಬಂದು ಡಿಕ್ಕಿ ಹೊಡೆದು ಸಾಯೋದನ್ನ ಹತ್ತಿರದಿಂದಲೇ ವೀಕ್ಷಣೆ ಮಾಡಬಹುದು."

"ಗೊಬ್ಬರದ ವಿಷಯ ಮಾತಾಡಿ ನೀವು!"

"ಗೊಬ್ಬರ ನಾರುತ್ತೆ ಅಂತ ತಾನೇ ನಮ್ಮನ್ನ ಹಿಂದಕ್ಕೆ ತಳ್ಳಿದ್ದು? ನಕ್ಷೆ ಯಾರು ನೋಡಿ ಒಪ್ಪಿದ್ದು? ನೀವೇ!"

"ಪ್ಯಾನೆಲ್ ನಮ್ಮದು, ಕೋಣೆ ನಮಗೆ," ಸಾಹುಕಾರ ಮೇಜು ಕುಟ್ಟಿದ.

"ಪ್ಯಾನೆಲ್ ನಿಮ್ಮದಲ್ಲ, ಮಾರೋದು ನಿಮ್ಮದು!" ಅಂದರು ಮೇಷ್ಟ್ರು.

ಜಂಟಿ ಕಾರ್ಯದರ್ಶಿ ಕೂಡ ಹಸಿದಿದ್ದರು. ಇಲ್ಲದಿದ್ದರೆ ಅಂಥ ಅನುಭವಿ ಆ ಮಾತು ಆಡುತ್ತಿರಲಿಲ್ಲ. "ದಯವಿಟ್ಟು ಜಗಳ ಆಡಬೇಡಿ. ಪಶ್ಚಿಮದ ಕೋಣೆ ಯಾರಿಗೂ ಇಲ್ಲ. ಅದು ಸಚಿವಾಲಯದ ಸಮನ್ವಯ ಅಧಿಕಾರಿಗೆ ಮೀಸಲು."

ಮೇಷ್ಟ್ರ ಮುಖ ಬಿಳಿಚಿತು. "ಮತ್ತೆ ನಮಗೆ?"

"ನಿಮಗೆ ನೆಲಮಾಳಿಗೆಯಲ್ಲಿ ವಿಶಾಲವಾದ ಜಾಗ ಇದೆ ಸರ್."

"ನೆಲಮಾಳಿಗೆನಾ?" ಮೇಷ್ಟ್ರು ಎದ್ದೇ ನಿಂತರು. ದುರ್ಬೀನು ಮೇಜಿಗೆ ಬಡಿಯಿತು. "ಅಲ್ಲಿ ಕೂತು ನಾನೇನು ಇಲಿ ಎಣಿಸಲಾ? ಇಷ್ಟು ವರ್ಷ ನಿಮ್ಮ ಜೊತೆ ಸಮನ್ವಯ ಮಾಡಿ ಮಾಡಿ ಕೊನೆಗೆ ನೆಲಮಾಳಿಗೆ! ಹಾಗಾದ್ರೆ ನಿಮ್ಮ ಭವನವೇ ನಮಗೆ ಬೇಡ!"

ಅಕ್ಕ ಮೈಕನ್ನು ಅವರ ಕಡೆ ನೂಕಿದಳು. "ಕೇಳಿಸಲಿಲ್ಲ ಮೇಷ್ಟ್ರೇ. ಏನಂದ್ರಿ?"

"ಬೇಡ ಅಂದೆ! ಬೇಡ!"

ಮೈಕಿನಲ್ಲಿ ಆ ಮಾತು ಕೋಣೆಯ ಮೂಲೆ ಮೂಲೆಗೂ ಹೋಗಿ ಬಂತು. ಅದು ತಿರುಗಿ ತಮ್ಮ ಕಿವಿಗೇ ಬಿದ್ದಾಗ ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

"ಆಕ್ಷೇಪ ಬಂದಿದೆ. ಒಮ್ಮತ ಇಲ್ಲ. ಸಭೆ ಮುಗೀತು," ಅಂದಳು ಸುತರಾಂ ಅಕ್ಕ. "ಏಳಿ, ಊಟಕ್ಕೆ."

ಎಲ್ಲರೂ ಊಟಕ್ಕೆ ಹೋದರು. ಅದನ್ನು ಮಾತ್ರ ಯಾರೂ ಬಹಿಷ್ಕರಿಸಲಿಲ್ಲ. ತಣ್ಣಗಾದ ಅನ್ನವನ್ನು ಒಬ್ಬರ ಮುಖ ಒಬ್ಬರು ನೋಡದೆ ಮುಕ್ಕಿದರು. ಜಂಟಿ ಕಾರ್ಯದರ್ಶಿ ತಟ್ಟೆ ಹಿಡಿದು ಅಕ್ಕನ ಪಕ್ಕ ಬಂದು, "ಇವರು ಹೀಗೆ ಜಗಳ ಆಡ್ತಾರೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ?" ಅಂತ ಕೇಳಿದರು.

"ನಮ್ಮ ಮಾವನವರು ಮನೆ ಪಾಲು ಮಾಡಿದಾಗ ನೋಡಿದ್ದೆ ಸಾರ್," ಅಂದಳು ಅಕ್ಕ. "ಊಟಕ್ಕೆ ಮೊದಲು ಮಾತಿಗೆ ಕೂರಿಸಿದ್ರು. ನಾಲ್ಕು ಜನ ಅಣ್ಣತಮ್ಮಂದಿರು ಇವತ್ತಿಗೂ ಮಾತಾಡಲ್ಲ."

ಆ ವರ್ಷದ ಒಕ್ಕೂಟದ ವರದಿ ಬಂದಾಗ ಓದಿ ನೋಡಿದೆ. "ಜೌಗು ಪ್ರದೇಶದ ರಕ್ಷಣೆಗಾಗಿ ಸಂಚಾಲಕರು ತೋರಿದ ದಿಟ್ಟ ನಿಲುವು" ಅಂತ ಅರ್ಧ ಪುಟ ಇತ್ತು. ಮೇಷ್ಟ್ರ ಫೋಟೋ, ಕೈಯಲ್ಲಿ ಮೈಕು. ಅಧ್ಯಕ್ಷೆಯ ಹೆಸರು ಕೃತಜ್ಞತೆಯ ಭಾಗದಲ್ಲಿ, ಛಾಯಾಚಿತ್ರಕಾರನ ಹೆಸರಿನ ನಂತರ. ಮಹಾಸಭೆ ಕರೆದು ಆಕೆಯನ್ನು ಸನ್ಮಾನಪೂರ್ವಕವಾಗಿ ಇಳಿಸಿದರು. ಶಾಲು ಹೊದಿಸುವಾಗ ಮೇಷ್ಟ್ರು ಅದನ್ನು ಕೊರಳಿಗೆ ಸ್ವಲ್ಪ ಬಿಗಿಯಾಗಿಯೇ ಸುತ್ತಿದರು.

ಸರ್ಕಾರ ಪಾಠ ಕಲಿಯಿತು. ಸಭಾಂಗಣ, ಊಟ, ಒಮ್ಮತ ಎಲ್ಲಕ್ಕೂ ಕೈಮುಗಿದು ಸಮಾಲೋಚನೆಯನ್ನು ಫೋನಿನ ಮೆಸೇಜಿಗೆ ವರ್ಗಾಯಿಸಿತು. ಪರಿಸರ ಭವನದ ಹೊಸ ನಕ್ಷೆ ಈಗಲೂ ಅದೇ ಜೌಗಿನ ಮೇಲೆಯೇ ಇದೆ, ಸ್ವಲ್ಪ ಪಕ್ಕಕ್ಕೆ ಸರಿದಿದೆ ಅಷ್ಟೇ. ಯಾರ ಆಕ್ಷೇಪವೂ ಬಾರದೆ ಒಂದು ವಾರ ಕಳೆದರೆ ದೇಶ ಒಪ್ಪಿದೆ ಅಂತ ಲೆಕ್ಕ. ಒಬ್ಬರು ಬೇಡವೆಂದರೂ ವಾರ ಮತ್ತೆ ಮೊದಲಿಂದ. ಇದು ದಣಿಸುವ ಉಪಾಯ. ನಮ್ಮ ಗುಂಪಿನವರು ಮೊದಲ ತಿಂಗಳು ಹುರುಪಿನಿಂದ ಉದ್ದುದ್ದ ಬರೆದು ಕಳಿಸಿದೆವು. ಆಮೇಲೆ ಇನ್ನೊಂದು ಊರಿನ ಇನ್ನೊಂದು ಗಲಾಟೆ ಬಂತು, ಅತ್ತ ಓಡಿದೆವು. ಒಕ್ಕೂಟದವರಿಗೆ ಮತ್ತೆ ಕೋಣೆಯ ಆಸೆ ಚಿಗುರಿದೆ. ಅವರದು ಗಾಢ ಮೌನ.

ಮೊನ್ನೆ ಬೆನ್ನು ನೋವು ಬಂದು ಹಳೆ ಹಾಸಿಗೆ ಹಿಂಜಿಸಲು ಆ ಅಂಗಡಿಗೆ ಹೋಗಿದ್ದೆ. ಮೋಡ ಕಟ್ಟಿತ್ತು. ಅಕ್ಕ ಬಾಗಿಲು ತೆರೆದು, ಯಂತ್ರ ಹಾಕುವ ಮೊದಲು, ಫೋನು ತೆಗೆದು ಹೆಬ್ಬೆರಳಿನಿಂದ ಏನೋ ಒತ್ತಿ ಪಕ್ಕಕ್ಕಿಟ್ಟಳು.

"ದಿನಾ ಬೆಳಗ್ಗೆ ಯಾರಿಗೇ ಅದು ಮೆಸೇಜು?" ಗಂಡ ಕೇಳಿದ.

"ಸರ್ಕಾರಕ್ಕೆ."

"ಏನಂತ?"

"ಬೇಡ ಅಂತ."

"ವಾರಕ್ಕೊಂದು ಸಾಕಂತಲ್ಲ?"

"ಮರೆತುಹೋದ್ರೆ?"

"ಅವರೇನಂತಾರೆ?"

"ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ ಅಂತಾರೆ. ಒತ್ತಿದ ತಕ್ಷಣ ಬರುತ್ತೆ."

ಗಂಡ ನನ್ನ ಕಡೆ ತಿರುಗಿದ. "ಮದುವೆ ಆದಾಗಿಂದ ನಾನೂ ದಿನಾ ಇವಳ ಬಾಯಲ್ಲಿ ಬೇಡ ಕೇಳ್ತಿದ್ದೀನಿ ಸ್ವಾಮಿ. ಒಂದು ದಿನಾನೂ ಧನ್ಯವಾದ ಅನ್ನಬೇಕು ಅಂತ ನನಗೆ ಹೊಳೀಲೇ ಇಲ್ಲ ನೋಡಿ. ಅದಕ್ಕೇ ಅವರು ಸರ್ಕಾರ, ನಾನು ಹಾಸಿಗೆಯವನು."

ಹೊರಗೆ ನಾಲ್ಕು ಹನಿ ಬಿದ್ದವು. ಗಂಡ ನಗುತ್ತಲೇ ಎದ್ದು, ಹತ್ತಿಯ ಮೂಟೆಗಳನ್ನು ಒಂದೊಂದಾಗಿ ನೆಲದಿಂದ ಹಲಗೆಯ ಮೇಲಕ್ಕೆ ಎತ್ತಿಡತೊಡಗಿದ. ಅಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಯಂತ್ರದ ಗುಂಡಿ ಒತ್ತಿದಳು. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.